ಅತ್ತೆಯ ಗುಹೆಯಲ್ಲಿ ನನ್ನ ಹದಿನೇಳು ಸಾವುಗಳು

ನಮ್ಮ ಸೋದರತ್ತೆ ನನ್ನನ್ನು ಹದಿನೇಳು ಸಲ ಕೊಂದಿದ್ದಾರೆ. ಪೊಲೀಸರಿಗೆ ದೂರು ಕೊಡೋಣವೆಂದರೆ, ಪ್ರತಿ ಸಲವೂ ಕೊಂದಾದ ಮೇಲೆ ಬಿಸಿ ಕಾಫಿ ಕೊಟ್ಟಿದ್ದಾರೆ! ಎನ್.ಆರ್. ಕಾಲೋನಿಯಲ್ಲಿ ಯಾರು ತಾನೇ ನನ್ನ ಮಾತು ನಂಬುತ್ತಾರೆ?

ಅತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರ ಕೈಯಲ್ಲಿ ಒಬ್ಬರಾದರೂ ಫೇಲಾಗದ ಮನೆ ಬಸವನಗುಡಿಯಲ್ಲೂ ಇಲ್ಲ, ಚಾಮರಾಜಪೇಟೆಯಲ್ಲೂ ಇಲ್ಲ. ಎರಡು ವರ್ಷದ ಹಿಂದೆ ಮಹಡಿಯಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗಿ ಮನೆ ಖಾಲಿ ಮಾಡುವಾಗ ಒಂದು ಪುಸ್ತಕವನ್ನೂ ಇಪ್ಪತ್ತು ಮುಖದ ಒಂದು ದಾಳವನ್ನೂ ಬಿಟ್ಟುಹೋದಳು. ಕೂತಲ್ಲೇ ಆಡುವ ಆಟ. ಆಡುವವರು ಒಬ್ಬೊಬ್ಬ ವೀರನನ್ನು ಕಲ್ಪಿಸಿಕೊಂಡು ಗುಹೆಗೆ ಇಳಿಯಬೇಕು. ಒಳಗೆ ಏನೇನಾಗುತ್ತದೆಂದು ಒಬ್ಬರು ಪುಸ್ತಕ ಹಿಡಿದು ಹೇಳಬೇಕು. ಬದುಕುವುದು, ಸಾಯುವುದು ದಾಳದ ಕೈಯಲ್ಲಿ. ಈ ಗುಹೆಯಿಂದ ಜೀವಂತ ಹೊರಬಂದವರು ತೀರ ಕಡಿಮೆ ಎಂದು ಮೊದಲ ಪುಟದಲ್ಲೇ ಎಚ್ಚರಿಕೆ ಇತ್ತು. ಅದನ್ನು ಓದಿ ಅತ್ತೆಯ ಮುಖ ಅರಳಿತು ನೋಡಿ, ನಮ್ಮ ಹಣೆಬರಹ ಅಲ್ಲಿಗೆ ಮುಗಿಯಿತು!

ಅಂದಿನಿಂದ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ನಮ್ಮ ವಧೆ. ಸಾಯುವವರು ಮೂವರು: ನಾನು, ನನ್ನ ಗಂಡ, ಅತ್ತೆಯ ಶಾಲೆಯಲ್ಲೇ ಇದ್ದ ಪಿ.ಟಿ. ಮೇಷ್ಟ್ರು. ಮೇಷ್ಟ್ರಿಗೆ ಎಪ್ಪತ್ತು ದಾಟಿದೆ. ಆದರೂ ಗುಹೆಯಲ್ಲಿ ಬಾಗಿಲು ಕಂಡರೆ ಸಾಕು, "ನುಗ್ಗೋಣ ಮೇಡಂ!" ಎನ್ನುತ್ತಾರೆ. ನುಗ್ಗುತ್ತಾರೆ. ಸಾಯುತ್ತಾರೆ. ನನ್ನ ಗಂಡ ಇದಕ್ಕೆ ತದ್ವಿರುದ್ಧ. ಒಮ್ಮೆ ಮುಕ್ಕಾಲು ಗಂಟೆ ಕೋಲಿನಿಂದ ನೆಲ ತಟ್ಟಿ ತಟ್ಟಿ ನೋಡಿ ಒಂದು ಹೆಜ್ಜೆ ಇಟ್ಟರು. ಚಾವಣಿ ಬಿತ್ತು.

"ಅಳಿಯಂದ್ರೇ, ನೀವು ಸತ್ರಿ. ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ?"

"ನೆಲ ಪೂರ್ತಿ ನೋಡಿದ್ನಲ್ಲ ಅತ್ತೆ!"

"ಮೇಲ್ಗಡೆ ನೋಡ್ತೀನಿ ಅಂತ ನೀವು ಹೇಳ್ಲಿಲ್ಲ. ಬರೀದೇ ಇರೋ ಉತ್ತರಕ್ಕೆ ಮಾರ್ಕ್ಸ್ ಕೊಡಕ್ಕಾಗತ್ತಾ?"

ಸತ್ತ ವೀರರ ಹೆಸರುಗಳನ್ನು ಹಳೆಯ ಹಾಜರಿ ಪುಸ್ತಕದಲ್ಲಿ ಬರೆದು ಕೆಂಪು ಶಾಯಿಯಲ್ಲಿ ಹೊಡೆದುಹಾಕುತ್ತಾರೆ. ದಾಳವನ್ನು ಊಟದ ಸ್ಟೀಲ್ ತಟ್ಟೆಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ಅದು ಠಣಠಣ ಉರುಳುವಾಗ ನನ್ನ ಜೀವ ಬಾಯಿಗೆ ಬಂದಿರುತ್ತದೆ. ಒಂದು ಕಡಿಮೆ ಬಿದ್ದರೂ ಕಡಿಮೆಯೇ. ಅಂಗಲಾಚಿದರೆ ಒಂದೇ ಉತ್ತರ: "ನನ್ನ ಹತ್ರ ಗ್ರೇಸ್ ಮಾರ್ಕ್ಸ್ ಇಲ್ಲ."

ಇಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂಬತ್ತನೇ ಕ್ಲಾಸಿನಲ್ಲಿ ಇದೇ ಅತ್ತೆ ನನಗೆ ಗಣಿತದಲ್ಲಿ ಮೂವತ್ತೈದು ಕೊಟ್ಟು ಪಾಸು ಮಾಡಿದ್ದರು. ನಾನೋ ಮಹಾ ಬುದ್ಧಿವಂತೆ! ಕೂಡಿ ನೋಡಿದೆ, ಮೂವತ್ತನಾಲ್ಕೇ ಬಂತು. ತಪ್ಪು ಕಂಡುಹಿಡಿದದ್ದಕ್ಕೆ ಬೆನ್ನು ತಟ್ಟುತ್ತಾರೆಂದು ಓಡಿಹೋಗಿ ತೋರಿಸಿದೆ. "ಹೌದಲ್ಲೇ," ಎಂದರು. ಮೂವತ್ತೈದು ಹೊಡೆದುಹಾಕಿದರು, ಮೂವತ್ತನಾಲ್ಕು ಬರೆದರು. ಸ್ವಂತ ಅಣ್ಣನ ಮಗಳನ್ನು ಫೇಲು ಮಾಡಿ ಸಂಜೆ ನಮ್ಮ ಮನೆಗೇ ಬಂದು ಕೋಡುಬಳೆ ತಿಂದರು! ಮೂವತ್ತು ವರ್ಷವಾದರೂ ಆ ಹೊಟ್ಟೆಯುರಿ ಆರಿಲ್ಲ. ಒಂದೇ ಒಂದು ಸಲ ಅತ್ತೆಯ ಗುಹೆಯಿಂದ ಜೀವಂತ ಹೊರಬರಬೇಕು, ಅಷ್ಟೇ ನನ್ನ ಆಸೆ. ಹದಿನೇಳು ಸಾವಾದ ಮೇಲೆ ಅದೂ ಬತ್ತಿಹೋಗಿತ್ತು.

ಈಚೆಗೆ ಅತ್ತೆ ಹೊಸ ಹಿಂಸೆಯೊಂದನ್ನು ಶುರುಮಾಡಿದ್ದರು. ದಾಳ ಬಿದ್ದ ಮೇಲೆ, "ಎಷ್ಟು? ಜೋರಾಗಿ ಹೇಳು," ಎಂದು ನಮ್ಮ ಬಾಯಲ್ಲೇ ನಮ್ಮ ಮರಣವಾರ್ತೆ ಓದಿಸುವುದು. ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ ಎಂದುಕೊಂಡಿದ್ದೆ.

ಕಳೆದ ಭಾನುವಾರ ಮೇಷ್ಟ್ರು ನುಗ್ಗಿ ಸತ್ತರು, ನನ್ನ ಗಂಡ ಯೋಚಿಸುತ್ತಲೇ ಸತ್ತರು. ನನ್ನ ಹದಿನೆಂಟನೇ ವೀರ ಮಾತ್ರ ಹೇಗೋ ಕೊನೆಯ ಬಾಗಿಲಿಗೆ ಬಂದು ನಿಂತ. ಅಷ್ಟು ದೂರ ಯಾರೂ ಹೋಗಿರಲಿಲ್ಲ. "ಹದಿನೈದು ಬೇಕು," ಎಂದರು ಅತ್ತೆ. ದಾಳ ಹಾಕಿದೆ.

ಹದಿನಾಲ್ಕು.

ಅತ್ತೆ ಬಗ್ಗಿದರು. ಮೂಗು ತಟ್ಟೆಗೆ ತಾಗುವಷ್ಟು ಬಗ್ಗಿದರು. ಕಿಟಕಿಯ ಬಿಸಿಲು ನೇರ ತಟ್ಟೆಯ ಮೇಲಿತ್ತು. ಆಚೆ ತುದಿಯಲ್ಲಿ ಕೂತ ಮೇಷ್ಟ್ರಿಗೂ ಅಂಕಿ ಕಾಣುತ್ತಿತ್ತು.

"ಎಷ್ಟೇ?"

ಅತ್ತೆಗೆ ಕಣ್ಣು ಕಾಣುತ್ತಿಲ್ಲ! ನನ್ನ ಗಂಡ ಮೊಣಕೈಯಿಂದ ತಿವಿದರು. ಮೇಷ್ಟ್ರು ಎರಡೂ ಕೈ ಎರಡೆರಡು ಸಲ ಬಿಡಿಸಿ, ಇಪ್ಪತ್ತೆಂದು ಹೇಳು ಎಂದು ಸನ್ನೆ ಮಾಡಿದರು. ಹೇಳಿದ್ದರೆ ಯಾರಿಗೆ ನಷ್ಟ? ಆದರೆ ಅತ್ತೆಯ ಮುಂದೆ ತಪ್ಪು ಲೆಕ್ಕ ಹೇಳಲು ನನ್ನ ನಾಲಿಗೆ ಹೊರಳಲೇ ಇಲ್ಲ.

"ಹದಿನಾಲ್ಕು, ಅತ್ತೆ."

ಅತ್ತೆ ಕೆಂಪು ಪೆನ್ನನ್ನು ತಡವಿ ಎತ್ತಿಕೊಂಡರು. ಮುಚ್ಚಳ ಹಾಕಿ ಇಟ್ಟುಬಿಟ್ಟರು.

"ಒಂದು ಸೇರಿಸ್ಕೋ. ಆವತ್ತು ನೀನು ಪೇಪರ್ ಹಿಡ್ಕೊಂಡು ಓಡಿ ಬಂದ್ಯಲ್ಲ, ಆವತ್ತೇ ಕೊಡ್ಬೇಕಿತ್ತು. ಮೂವತ್ತು ವರ್ಷದಿಂದ ಮನಸ್ಸಲ್ಲಿ ಕೊರೀತಾನೇ ಇದೆ. ಹೋಗು, ಹೊರಗೆ ಹೋಗು."

ಗೆದ್ದೆ ಎಂದು ಕುಣಿಯಬೇಕಿತ್ತು. "ಹೊರಗೆ ಏನಿದೆ ಅತ್ತೆ?" ಎಂದೆ.

"ಗೊತ್ತಿಲ್ಲ ಕಣೆ. ಗುಹೆ ಎಲ್ಲಾ ಬಾಯಿಪಾಠ ಆಗಿದೆ. ಯಾರೂ ತಲುಪಲ್ಲ ಅಂತ ಆ ಕೊನೇ ಪುಟ ಓದೇ ಇರ್ಲಿಲ್ಲ. ಈಗ ಓದೋಣ ಅಂದ್ರೆ ಅಕ್ಷರ ಕಾಣಲ್ಲ. ಇನ್ನು ಸರಿಹೋಗಲ್ಲ ಅಂತ ಡಾಕ್ಟ್ರು ಹೇಳಿ ಎರಡು ತಿಂಗಳಾಯ್ತು. ಹೊರಗೆ ಹೋದೋಳು ನೀನು, ನೀನೇ ನೋಡಿ ಹೇಳು."

ಪುಸ್ತಕ ಮುಟ್ಟಲು ಮನಸ್ಸು ಬರಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತೆ. "ಬಿಸಿಲಿದೆ ಅತ್ತೆ, ಸೊಪ್ಪಿನ ಗಾಡಿ ಬಂದಿದೆ," ಎಂದೆ.

"ಅಷ್ಟೇನಾ? ಸ್ಟೆಪ್ಸ್ ಬಿಡ್ಬೇಡ. ಒಂದೊಂದಾಗಿ ಹೇಳು."

ಕಣ್ಣೊರೆಸಿಕೊಂಡು ಹೇಳತೊಡಗಿದೆ. ಕಾಂಪೌಂಡಿನ ದಾಸವಾಳದಲ್ಲಿ ಎಷ್ಟು ಹೂವು ಬಿಟ್ಟಿದೆ, ಎದುರು ಮನೆಯವರು ಇವತ್ತು ಎಷ್ಟು ಎಳೆ ರಂಗೋಲಿ ಹಾಕಿದ್ದಾರೆ, ಸ್ಕೂಟರ್ ಸೀಟಿನ ಮೇಲೆ ಬೆಕ್ಕು ಯಾವ ಕಡೆ ತಲೆ ಮಾಡಿ ಮಲಗಿದೆ. ಅತ್ತೆ ದಾಳದ ತಟ್ಟೆಯ ಅಂಚು ಹಿಡಿದುಕೊಂಡು ಕೇಳುತ್ತಿದ್ದರು. ನಾನು ಒಂದು ಸ್ಟೆಪ್ಪನ್ನೂ ಬಿಡಲಿಲ್ಲ.