ಔರೇಲಿಯೊನ ಕೂಗಿನ ವಿಲೇವಾರಿ

ನಲವತ್ತು ವರ್ಷಗಳ ಹಿಂದೆ ಪೊರ್ತಮಾರಾ ಬಂದರಿನ ಹಡಗು ಟಿಕೆಟ್ ಕಚೇರಿಯಲ್ಲಿ ಉಗ್ರರು ಇಟ್ಟ ಬಾಂಬು ಸಿಡಿದದ್ದು ಅಷ್ಟೇನೂ ಸುಶ್ರಾವ್ಯವಾಗಿರಲಿಲ್ಲವೆಂಬುದು ನಗರ ಒಪೆರಾ ಮಂದಿರದ ಆಡಳಿತ ಮಂಡಳಿಯ ಗಮನಕ್ಕೆ ಬಂದಿರುತ್ತದೆ. ಸದರಿ ಲೋಪವನ್ನು ಸರಿಪಡಿಸುವ ಸಲುವಾಗಿ, ಅದೇ ಘಟನೆಯ ಮೇಲೆ ಮೂರು ಅಂಕಗಳ, ಆದ್ಯಂತ ಹಾಡಿನಲ್ಲೇ ನಡೆಯುವ ಹೊಸ ಒಪೆರಾ ಬರೆಯಿಸತಕ್ಕದ್ದೆಂದು ಮಂಡಳಿಯು ಸರ್ವಾನುಮತದಿಂದ ತೀರ್ಮಾನಿಸಿತು. ಸಂತ್ರಸ್ತರ ಮನಸ್ಸು ನೋಯಬಾರದೆಂಬ ಕಾಳಜಿಯಿಂದ, ಎಲ್ಲವೂ ಮುಗಿದ ಮೇಲೆ ಸಂತ್ರಸ್ತರ ಅಭಿಪ್ರಾಯ ಕೇಳುವುದೆಂದೂ ಗೊತ್ತುಮಾಡಲಾಯಿತು.

ಸಂತ್ರಸ್ತರೆಂದರೆ ಇಜೋಲಿನಾ. ಬಾಂಬಿಗೆ ಸತ್ತವನು ಒಬ್ಬನೇ, ಅವಳ ಗಂಡ ಔರೇಲಿಯೊ, ಆ ಕಚೇರಿಯ ಟಿಕೆಟ್ ಗುಮಾಸ್ತ. ಬೆಂಚಿನ ಕೆಳಗೆ ವಾರಸುದಾರರಿಲ್ಲದ ಚೀಲ ಕಂಡದ್ದೇ ತಡ, "ಹೊರಗೆ! ಎಲ್ಲಾ ಹೊರಗೆ ನಡೀರಿ!" ಎಂದು ಗಂಟಲು ಹರಿಯುವ ಹಾಗೆ ಕೂಗಿ, ಬಾಗಿಲು ಹಿಡಿದು ನಿಂತು, ಸಾಲಿನಲ್ಲಿದ್ದ ಜನರನ್ನೆಲ್ಲ ಆಚೆ ದಬ್ಬಿದ್ದ. ಎಲ್ಲರೂ ಹೊರಗೆ ಬಂದರು, ಅವನೊಬ್ಬ ಬರಲಿಲ್ಲ. ಇಜೋಲಿನಾಳ ಪಾಲಿಗೆ ಅವನಿಂದ ಉಳಿದ ಆಸ್ತಿಯೆಂದರೆ ಆ ಕೂಗು ಒಂದೇ. ಮನೆ ಬಾಡಿಗೆಯದು, ಅವನ ಕೈಯಲ್ಲಿದ್ದ ಮದುವೆಯ ಉಂಗುರ ಸಿಗಲೇ ಇಲ್ಲ.

ಮಂದಿರದ ನಿರ್ದೇಶಕ ಫೆರ್ರುಚ್ಚೊ ಅವಳನ್ನು ಕರೆಸಿ, ಕಾಫಿ ತರಿಸಿ, ಸಕ್ಕರೆಯನ್ನೂ ತಾನೇ ಹಾಕಿ ಕಲಕಿದ. ಇಷ್ಟು ಮರ್ಯಾದೆ ನೋಡಿ, ಏನೋ ಎಡವಟ್ಟಾಗಿದೆ ಎಂದು ಇಜೋಲಿನಾಳಿಗೆ ಗೊತ್ತಾಗಿಹೋಯಿತು.

"ಅಮ್ಮಾ, ಒಂದು ಸಣ್ಣ ವಿಷಯ. ಆ ಕೂಗು ಟೆನರ್‌ಗೆ ಹೋಯ್ತು."

"ಯಾವ ಕೂಗು?"

"ಅದೇ, ‘ಹೊರಗೆ ನಡೀರಿ’ ಅನ್ನೋದು. ಸಂಗೀತ ಬರೆದೋನು ಅದನ್ನ ತುಂಬಾ ಮೇಲಿನ ಸ್ವರದಲ್ಲಿ ಕೂರಿಸಿಬಿಟ್ಟಿದ್ದಾನೆ. ಮೇಲಿನ ಸ್ವರ ಎಲ್ಲಾ ಟೆನರ್‌ದು, ಅಂದ್ರೆ ಏರುದನಿ ಗಾಯಕನ್ದು. ನಿಮ್ಮ ಯಜಮಾನ್ರ ಪಾರ್ಟು ಬ್ಯಾರಿಟೋನ್‌ದು, ತಗ್ಗಿದ ದನಿ."

"ಟೆನರ್‌ದು ಯಾರ ಪಾರ್ಟು?"

ಫೆರ್ರುಚ್ಚೊ ಕಾಫಿಯನ್ನು ಇನ್ನೊಂದು ಸಲ ಕಲಕಿದ. "ಬಾಂಬ್ ಇಟ್ಟವನ್ದು."

"ಅಯ್ಯೋ ನಿನ್ನ! ಅಂದ್ರೆ ಬಾಂಬ್ ಇಟ್ಟೋನೇ ಜನಾನ ಉಳಿಸ್ತಾನಾ?"

"ಕತೆ ಪ್ರಕಾರ ಅಲ್ಲಮ್ಮ, ಸ್ವರದ ಪ್ರಕಾರ."

"ಹಾಗಿದ್ರೆ ಔರೇಲಿಯೊನ್ನೇ ಟೆನರ್ ಮಾಡಿ."

"ಎಲ್ಲಾದರೂ ಉಂಟಾ! ಟೆನರ್ ಆದವನು ಪ್ರೀತಿ ಮಾಡ್ಬೇಕು, ಇಲ್ಲಾ ದ್ರೋಹ ಮಾಡ್ಬೇಕು. ಟಿಕೆಟ್ ಹರಿದು ಕೊಡೋನು ಟೆನರ್ ಆದದ್ದನ್ನ ಈ ದೇಶದಲ್ಲಿ ಯಾರೂ ಕಂಡಿಲ್ಲ."

"ಹಾಡೋದೇ ಬೇಡ. ಸುಮ್ನೆ ಕೂಗ್ಲಿ. ಅವನು ಕೂಗಿದ್ದೂ ಹಾಗೇ."

"ಹಾಡದೆ ಬಾಯಿ ಬಿಟ್ರೆ ಅದು ನಾಟಕದೋರ ಸಂಘಕ್ಕೆ ಸೇರುತ್ತೆ. ನಮ್ಮ ಗಾಯಕರ ಸಂಘದೋರು ಆವತ್ತೇ ಮುಷ್ಕರ ಹೂಡ್ತಾರೆ. ಬೇಜಾರು ಮಾಡ್ಕೋಬೇಡಿ, ನಿಮ್ಮ ಯಜಮಾನ್ರಿಗೂ ಒಳ್ಳೇ ಹಾಡು ಕೊಟ್ಟಿದ್ದೀವಿ. ಸತ್ತ ಮೇಲೆ ಬರುತ್ತೆ. ಕಡಲ ಹಕ್ಕಿಗಳ ಮೇಲೆ."

ಇಜೋಲಿನಾಳಿಗೆ ಸಿಟ್ಟಿನ ನಡುವೆಯೂ ನಗು ಬಂತು. ಔರೇಲಿಯೊನ ಕಂಠಕ್ಕೂ ಸಂಗೀತಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ. ಇಗರ್ಜಿಯ ಹಾಡುವ ಗುಂಪಿನಲ್ಲಿದ್ದಾಗ, "ನೀನು ಬಾಯಿ ಮಾತ್ರ ಆಡಿಸಪ್ಪಾ, ದೇವರಿಗೆ ತಿಳಿಯುತ್ತೆ" ಎಂದು ಪಾದ್ರಿಗಳೇ ಕೈಮುಗಿದಿದ್ದರು. ಕಡಲ ಹಕ್ಕಿಗಳನ್ನು ಕಂಡರಂತೂ ಅವನಿಗಾಗುತ್ತಿರಲಿಲ್ಲ. ಒಣಹಾಕಿದ ಮೀನು ಕದಿಯುತ್ತವೆಂದು ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋಗುತ್ತಿದ್ದ.

ಅವಳು ಮಂಡಳಿಗೆ ದೂರಿತ್ತಳು. ಮಂಡಳಿಯು ವಿಷಯವನ್ನು ಕೂಲಂಕಷವಾಗಿ ಪರಿಶೀಲಿಸಿ ಆದೇಶ ಹೊರಡಿಸಿತು: ‘ಸದರಿ ಕೂಗನ್ನು ಮೃತರು ಒಂದೇ ಒಂದು ಬಾರಿ, ಅದೂ ಪೂರ್ವಾಭ್ಯಾಸವಿಲ್ಲದೆ ಬಳಸಿರುವುದರಿಂದ, ಅದರ ಮೇಲೆ ಅವರಿಗೆ ಕಾಯಂ ಹಕ್ಕು ಇರತಕ್ಕದ್ದಲ್ಲ. ಆದಾಗ್ಯೂ ಮಾನವೀಯ ನೆಲೆಯಲ್ಲಿ ವಿಧವೆಗೆ ಪ್ರತಿ ಪ್ರದರ್ಶನಕ್ಕೂ ಒಂದು ಖುರ್ಚಿಯನ್ನು ಶಾಶ್ವತವಾಗಿ ಮೀಸಲಿಡತಕ್ಕದ್ದು.’ ಖುರ್ಚಿಯನ್ನು ಮೇಲಟ್ಟದಲ್ಲಿ ಒಂದು ಕಂಬದ ಹಿಂದೆ ಹಾಕಿಸಲಾಯಿತು. ಬಾಂಬು ಕಂಡರೆ ಅವಳಿಗೆ ನೋವಾದೀತೆಂಬ ಕಾಳಜಿಯಿಂದ, ಅಲ್ಲಿಂದ ಏನೂ ಕಾಣದಂತೆ ನೋಡಿಕೊಳ್ಳಲಾಗಿತ್ತು.

ಮೊದಲ ಪ್ರದರ್ಶನಕ್ಕೆ ಇಜೋಲಿನಾ ಬೇಕೆಂದೇ ನೇರಳೆ ಬಣ್ಣದ ಕೋಟು ಹಾಕಿಕೊಂಡು ಹೋದಳು. ರಂಗಮಂದಿರದೊಳಗೆ ನೇರಳೆ ಅಪಶಕುನ. ಅವಳು ಮೆಟ್ಟಿಲು ಹತ್ತುತ್ತಿದ್ದರೆ ಅತ್ತ ಇತ್ತ ನಿಂತವರೆಲ್ಲ ಕೆಡುಕು ತಾಗದಿರಲೆಂದು ಕಬ್ಬಿಣ ಹುಡುಕಿ ಮುಟ್ಟಿಕೊಂಡರು. ಮೇಯರ್ ಸಾಹೇಬರು ಏನೂ ಸಿಗದೆ ಹೆಂಡತಿಯ ಕೈಚೀಲದ ಕೊಂಡಿ ಹಿಡಿದುಕೊಂಡರು.

ಮೇಲಟ್ಟದ ಬಾಗಿಲಲ್ಲಿ ಅಗ್ನಿಶಾಮಕ ದಳದ ಅದೆಲ್ಮೊ ನಿಂತಿದ್ದ. ಪ್ರದರ್ಶನ ಮುಗಿಯುವವರೆಗೆ ಕಾಯುವ ಪಾಳಿ ಅವನದು. ಬಾಂಬು ಸಿಡಿದ ದಿನ ಬಂದರಿನ ಟಿಕೆಟ್ ಸಾಲಿನಲ್ಲಿ ಅವನ ತಾಯಿಯೂ ಇದ್ದಳು, ತುಂಬು ಬಸುರಿ. ಹಾಗಾಗಿ ಔರೇಲಿಯೊ ಆಚೆ ದಬ್ಬಿದವರಲ್ಲಿ ಅದೆಲ್ಮೊನೂ ಒಬ್ಬ ಎನ್ನಬಹುದು.

"ಏನಮ್ಮಾ ಇದು, ನೇರಳೆ ಹಾಕ್ಕೊಂಡ್ ಬಂದಿದ್ದೀರಲ್ಲ! ಇನ್ನೇನ್ ಕಾದಿದ್ಯೋ."

"ಆಗೋ ಕೆಟ್ಟದ್ದೆಲ್ಲ ಆಗಿ ನಲವತ್ತು ವರ್ಷ ಆಯ್ತು ಕಣೋ. ಅದ್ಸರಿ, ಆ ಟೆನರ್ ‘ಹೊರಗೆ’ ಅಂತ ಹಾಡ್ದಾಗ ನೀನು ಬಾಗಿಲು ತೆಗೀತೀಯಾ?"

"ಇಲ್ಲಮ್ಮ. ವೇದಿಕೆ ಮೇಲಿಂದ ಕೂಗಿದ್ರೆ ಕಲೆ. ಪ್ರೇಕ್ಷಕರ ಕಡೆಯಿಂದ ಕೂಗಿದ್ರೆ ಅಪಾಯ. ಪ್ರೇಕ್ಷಕರಲ್ಲಿ ಯಾರೇ ‘ಹೊರಗೆ’ ಅಂದ್ರೂ ಮೊದಲು ಬಾಗಿಲು ತೆಗೀಬೇಕು, ಯಾಕೆ ಅಂತ ಆಮೇಲೆ ಕೇಳಬೇಕು. ನಿಯಮ ಹಾಗಿದೆ."

"ಒಳ್ಳೇ ನಿಯಮ ಕಣಪ್ಪಾ," ಎಂದಳು ಇಜೋಲಿನಾ. ಅವಳು ಸರಕಾರಿ ನಿಯಮವೊಂದನ್ನು ಹೊಗಳಿದ್ದು ಅದೇ ಮೊದಲು.

ಎರಡನೆಯ ಅಂಕ. ಟೆನರ್ ಲಿಯಾಂಡ್ರೊ ಚೀಲವನ್ನು ಬೆಂಚಿನ ಕೆಳಗಿಟ್ಟು, ಪಶ್ಚಾತ್ತಾಪಪಟ್ಟು, ತಾಯಿಯನ್ನು ನೆನೆದು ಅತ್ತ. ಸಭಾಂಗಣವೂ ಅತ್ತಿತು. ಟಿಕೆಟ್ ಗುಮಾಸ್ತ ಒಂದು ಮೂಲೆಯಲ್ಲಿ ಮೂಕನಂತೆ ಟಿಕೆಟ್ ಹರಿಯುತ್ತಿದ್ದ. ವಾದ್ಯಗಳೆಲ್ಲ ನಿಂತವು. ಊರೇ ಕಾಯುತ್ತಿದ್ದ ಆ ಮೇಲಿನ ಸ್ವರಕ್ಕಾಗಿ ಲಿಯಾಂಡ್ರೊ ಕಣ್ಣುಮುಚ್ಚಿ, ಎದೆಯುಬ್ಬಿಸಿ, ಉಸಿರು ಎಳೆದುಕೊಳ್ಳತೊಡಗಿದ. ಟೆನರ್‌ಗಳ ಉಸಿರು ಬೇಗ ತುಂಬುವಂಥದ್ದಲ್ಲ.

"ಹೊರಗೆ! ಎಲ್ಲಾ ಹೊರಗೆ ನಡೀರಿ!"

ಕಂಬದ ಹಿಂದಿನಿಂದ ಬಂದ ಆ ಕೂಗು ಯಾವ ಸ್ವರಕ್ಕೂ ಸೇರಿರಲಿಲ್ಲ. ಒಡೆದ ದನಿ, ಥೇಟ್ ಔರೇಲಿಯೊನದೇ. ಅದೆಲ್ಮೊ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ನಿಯಮದಂತೆ ಬಾಗಿಲುಗಳನ್ನೆಲ್ಲ ತೆರೆಸಿದ. ಮೊದಲೇ ನೇರಳೆ ಕಂಡು ಹೆದರಿದ್ದ ಜನ, ಕೇಳಬೇಕೆ? ಮೇಯರ್ ಸಾಹೇಬರು ಎಲ್ಲರಿಗಿಂತ ಮುಂದೆ, ಕೈಚೀಲ ಸಮೇತ.

ಲಿಯಾಂಡ್ರೊ ಕಣ್ಣು ಬಿಟ್ಟು ತನ್ನ ಜೀವಮಾನದ ಶ್ರೇಷ್ಠ ಸ್ವರವನ್ನು ಖಾಲಿ ಖುರ್ಚಿಗಳಿಗೆ ಹಾಡಿದ.

ಮರುದಿನ ಮಂಡಳಿಯ ತುರ್ತು ಸಭೆ ಸೇರಿತು. ಮುದುಕಿಯನ್ನು ಹೊರಹಾಕಬೇಕೆಂದು ಲಿಯಾಂಡ್ರೊ ಮೇಜು ಕುಟ್ಟಿದ. ಖುರ್ಚಿ ಶಾಶ್ವತವೆಂಬ ಆದೇಶ ಅಡ್ಡ ಬಂತು. ಅಷ್ಟರಲ್ಲಿ ಮಂದಿರದ ಬಾರಿನವನು ಓಡಿಬಂದು, ಹೊರಬಿದ್ದ ಜನ ಗಾಬರಿ ಕಳೆಯಲು ಒಂದು ಸಂಜೆಯಲ್ಲಿ ಇಡೀ ತಿಂಗಳ ವೈನ್ ಕುಡಿದು ಮುಗಿಸಿದರೆಂದೂ, ಆಲಿವ್ ಕಾಯಿಯೊಂದೂ ಉಳಿದಿಲ್ಲವೆಂದೂ ವರದಿ ಮಾಡಿದ. ಪತ್ರಿಕೆಗಳು ‘ಪ್ರೇಕ್ಷಕನನ್ನೇ ಪಾರಾದವನನ್ನಾಗಿ ಮಾಡಿದ ದಿಟ್ಟ ಪ್ರಯೋಗ’ವೆಂದು ಬರೆದಿದ್ದವು. ಸಭೆಯಲ್ಲಿ ಕೂಡಲೇ ಕಲಾಪ್ರಜ್ಞೆ ಜಾಗೃತವಾಯಿತು.

"ಆದ್ರೆ ನನ್ನ ಸ್ವರ?" ಎಂದ ಲಿಯಾಂಡ್ರೊ.

"ನಿಮ್ಮ ಸ್ವರಕ್ಕೆ ಯಾರು ಕೈ ಹಾಕಿದ್ರು? ಹಾಡಿ ಸ್ವಾಮಿ," ಎಂದ ಫೆರ್ರುಚ್ಚೊ. "ಒಪ್ಪಂದದಲ್ಲಿ ಹಾಡಬೇಕು ಅಂತಿದೆ. ಯಾರಾದ್ರೂ ಕೇಳಬೇಕು ಅಂತ ಎಲ್ಲೂ ಇಲ್ಲ."

ಅಂದಿನಿಂದ ವ್ಯವಸ್ಥೆ ಸುಸೂತ್ರವಾಗಿದೆ. ಇಜೋಲಿನಾಳನ್ನು ‘ತಾತ್ಕಾಲಿಕ ಅಪಾಯ ಸೂಚಕಿ’ ಹುದ್ದೆಗೆ ನೇಮಿಸಲಾಯಿತು. ಅವಳು ವೇದಿಕೆಯಿಂದಲ್ಲದೆ ಮೇಲಟ್ಟದಿಂದ ಕೂಗುವುದರಿಂದ ಗಾಯಕರ ಸಂಘಕ್ಕೂ ನಾಟಕದವರ ಸಂಘಕ್ಕೂ ಆಕ್ಷೇಪವಿಲ್ಲ. ಅವಳು ಕೇಳಿದ್ದು ಒಂದೇ: ಭಿತ್ತಿಪತ್ರದಲ್ಲಿ ‘ಕೂಗು: ಔರೇಲಿಯೊ, ಟಿಕೆಟ್ ಗುಮಾಸ್ತ’ ಎಂದಿರಬೇಕು. ಹಾಗೆಯೇ ಅಚ್ಚಾಯಿತು, ಬಾರಿನ ಜಾಹೀರಾತಿನ ಕೆಳಗೆ.

ಈಗ ಪ್ರತಿ ಪ್ರದರ್ಶನದಲ್ಲೂ ಅವಳು ಕೂಗುತ್ತಾಳೆ, ಜನ ಎದ್ದು ಹೊರಡುತ್ತಾರೆ. ಅನುಭವಸ್ಥರು ಕೂಗಿಗಿಂತ ತುಸು ಮುಂಚೆಯೇ ಎದ್ದು ಸಾಲು ಹಿಡಿಯುತ್ತಾರೆ. ಬಾರಿನಲ್ಲಿ ಗ್ಲಾಸು ಎತ್ತಿಕೊಂಡು, ಲಿಯಾಂಡ್ರೊ ಆ ಸ್ವರವನ್ನು ಇಂದು ಎಷ್ಟು ಚೆನ್ನಾಗಿ ಹಾಡಿದನೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.

ಮೇಲಟ್ಟದಲ್ಲಿ ಉಳಿಯುವವರು ಇಬ್ಬರೇ.

"ಎಲ್ರೂ ಹೊರಗೆ ಹೋದ್ರೇನೋ?" ಎಂದು ಇಜೋಲಿನಾ ಕಂಬದ ಹಿಂದಿನಿಂದ ಕೇಳುತ್ತಾಳೆ.

"ಎಲ್ರೂ ಹೋದ್ರಮ್ಮ. ನೀವೂ ನಡೀರಿ."

"ನೀನ್ ನಡಿ ಮೊದ್ಲು."

"ಬಾಗಿಲು ಹಿಡಿದೋನು ಕೊನೇಗೆ ಹೋಗ್ಬೇಕಮ್ಮ. ನಿಯಮ."

"ಗೊತ್ತು ಕಣಪ್ಪಾ," ಎನ್ನುತ್ತಾಳೆ ಅವಳು. "ಅವ್ನೂ ಹಾಗೇ ಮಾಡಿದ್ದು."

ಆಮೇಲೆ ಕೆಳಗೆ ವಾದ್ಯಗಳೆಲ್ಲ ಒಟ್ಟಿಗೆ ಮೊಳಗಿ ಬಾಂಬು ಸಿಡಿಯುತ್ತದೆ. ಯಾರಿಗೂ ಏನೂ ಆಗುವುದಿಲ್ಲ. ಮಂಡಳಿಯ ಆದೇಶದಂತೆ, ಬಾರಿನಲ್ಲಿ ಕೊನೆಯ ಗ್ಲಾಸು ಖಾಲಿಯಾದ ಮೇಲೆ ಗಂಟೆ ಬಾರಿಸಿ ಎಲ್ಲರನ್ನೂ ಒಳಗೆ ಕರೆಯಲಾಗುತ್ತದೆ.