ಹಿರಿಯ ಅಳಿಯ ಕ್ಲಚ್ ಹಾಕಿದ್ದು

ಕಾರಿನ ಕ್ಲಚ್ ಬದಲಾಯಿಸುವುದು ಕಷ್ಟದ ಕೆಲಸವೇನಲ್ಲ. ಹಳೆಯದನ್ನು ತೆಗೆಯಬೇಕು, ಹೊಸದನ್ನು ಹಾಕಬೇಕು. ಹದಿನೈದು ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತ ಬಿಚ್ಚಿ, ಹಾಳೆ ಸೇರಿಸಿ, ಮತ್ತೆ ದಾರ ಕಟ್ಟಿದವನಿಗೆ ಇದೇನು ಮಹಾ!

ನಿಜ ಹೇಳಿಬಿಡುತ್ತೇನೆ. ನನಗೆ ಕ್ಲಚ್ಚಿನ ಮೇಲೆ ಪ್ರೀತಿಯೇನೂ ಇರಲಿಲ್ಲ. ಷಡ್ಡಕನ ಮೇಲೆ ಹೊಟ್ಟೆಕಿಚ್ಚಿತ್ತು.

ಷಡ್ಡಕ ಅಂದರೆ ಶ್ರೀಪತಿ, ನನ್ನ ಹೆಂಡತಿ ಕಮಲಳ ತಂಗಿಯ ಗಂಡ. ಜಾಲಹಳ್ಳಿ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ. ಅವನು ಬರುವವರೆಗೆ ಹೆಬ್ಬಾಳದ ಮಾವನ ಮನೆಗೆ ನಾನೊಬ್ಬನೇ ಅಳಿಯ. ಕಾರಿದ್ದವನೂ ನಾನೊಬ್ಬನೇ. ಅರವತ್ತರ ದಶಕದ ಶುರುವಿನ ಮಾತು. ನಮ್ಮ ಯಶವಂತಪುರದಲ್ಲಿ ಕಾರಿದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ನನ್ನದು ನಿವೃತ್ತರೊಬ್ಬರು ಓಡಿಸಿ ಬಿಟ್ಟ ಪುಟ್ಟ ಕಾರು. ಆದರೇನು, ಕಾರು ಕಾರೇ.

ಶ್ರೀಪತಿಯೂ ಒಂದು ಕಾರು ಕೊಂಡ. ಕೊಂಡರೆ ಕೊಳ್ಳಲಿ. ಮಾವನ ಮನೆಯಂಗಳದಲ್ಲೇ ಚಾಪೆ ಹಾಸಿ, ಕಾರ್ಬುರೇಟರ್ ಬಿಚ್ಚಿ, ತೊಳೆದು, ಜೋಡಿಸಿ, ಒಂದೇ ಸಲಕ್ಕೆ ಸ್ಟಾರ್ಟ್ ಮಾಡಿಬಿಟ್ಟ! ಅತ್ತೆ ಅವನಿಗಾಗಿ ಬಿಸಿ ಕಾಫಿ ಹಿಡಿದು ನಿಂತಿದ್ದರು.

"ನಮ್ಮ ಶ್ರೀಪತಿಗೆ ಬರ್ದೇ ಇರೋ ಕೆಲಸವೇ ಇಲ್ಲ ನೋಡಿ, ಅಳಿಯಂದ್ರೇ" ಎಂದು ನನಗೇ ಹೇಳಿದರು. ನನ್ನ ಕಾಫಿ ಆಗಲೇ ಆರಿಹೋಗಿತ್ತು.

ಅಷ್ಟರಲ್ಲಿ ಕಿರಿಯ ನಾದಿನಿ ಸರೋಜಳನ್ನು ನೋಡಲು ತುಮಕೂರಿನಿಂದ ಗಂಡಿನ ಕಡೆಯವರು ಬರುವುದು ನಿಶ್ಚಯವಾಯಿತು. ಭಾನುವಾರ ರೈಲಿನಲ್ಲಿ ಬಂದು ಯಶವಂತಪುರದಲ್ಲಿ ಇಳಿಯುತ್ತಾರೆ. ಅವರನ್ನು ಹೆಬ್ಬಾಳಕ್ಕೆ ಕರೆತರಬೇಕು.

"ಶ್ರೀಪತಿನೇ ಕರ್ಕೊಂಡು ಬರ್ಲಿ" ಎಂದರು ಮಾವ. "ನಿಮ್ಮ ಕಾರಿನ ಕ್ಲಚ್ ಸವೆದುಹೋಗಿದೆಯಂತಲ್ಲ, ಪಾಪ."

ಸ್ಟೇಷನ್ ಇರುವುದು ನಮ್ಮ ಯಶವಂತಪುರದಲ್ಲಿ. ಹಿರಿಯ ಅಳಿಯ ನಾನು. ಬೀಗರಾಗುವವರನ್ನು ಕರೆತರುವ ಮರ್ಯಾದೆ ಅವನಿಗೆ, ನನಗೆ ಬರೀ 'ಪಾಪ'! ಮೈಯೆಲ್ಲಾ ಉರಿದುಹೋಯಿತು.

"ಶನಿವಾರದೊಳಗೆ ಹೊಸ ಕ್ಲಚ್ ಹಾಕ್ತೀನಿ ಮಾವ. ನಾನೇ ಹಾಕ್ತೀನಿ, ನನ್ನ ಕೈಯಾರೆ!"

ಕಮಲ ನನ್ನ ಕೈಗಳನ್ನೊಮ್ಮೆ ನೋಡಿದಳು.

ಶುಕ್ರವಾರದಿಂದ ಎರಡು ದಿನ ಕಚೇರಿಗೆ ರಜೆ ಹಾಕಿದೆ. ಕಾರಣ: 'ಅನಿವಾರ್ಯ ಕೌಟುಂಬಿಕ ಕಾರ್ಯ'. ಮನೆ ಮುಂದೆ ಸೈಜುಗಲ್ಲುಗಳ ಮೇಲೆ ಕಾರನ್ನು ಏರಿಸಿ, ಹಳೆಯ ಪಂಚೆಯುಟ್ಟು, ಕೆಳಗೆ ನುಸುಳಿದೆ. ಕ್ಲಚ್ ಪ್ಲೇಟು ಅನ್ನುವುದು ಊಟದ ತಟ್ಟೆಯಷ್ಟಗಲದ ಒಂದು ಬಿಲ್ಲೆ. ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ಒಂದಕ್ಕೊಂದು ಹಿಡಿಸಿ ಕಾರನ್ನು ಓಡಿಸುವುದು ಅದೇ. ಅದನ್ನು ಮುಟ್ಟಬೇಕಾದರೆ ಮೊದಲು ಗೇರ್ ಬಾಕ್ಸ್ ಇಳಿಸಬೇಕು. ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋದೆ. ಎಷ್ಟು ಸಲೀಸು! ಕೊನೆಯ ಬೋಲ್ಟೂ ಬಂತು. ಅದರ ಹಿಂದೆಯೇ ಗೇರ್ ಬಾಕ್ಸೂ ಬಂತು. ನೇರವಾಗಿ ನನ್ನ ಎದೆಯ ಮೇಲೆ!

ಕೂಗೋಣವೆಂದರೆ ಉಸಿರಿಲ್ಲ. ಆ ಹೊತ್ತಿಗೆ ಮತ್ತಿಕೆರೆಯಿಂದ ಹಾಲು ತರುವ ಮುನಿಯಪ್ಪ ಬಂದು ಬಗ್ಗಿ ನೋಡಿದ.

"ಏನ್ ಸ್ವಾಮೀ, ಇಂಗ್ ಬಿದ್ದಿದ್ದೀರಾ?"

"ಬಿದ್ದಿಲ್ಲ, ಕೆಲಸ ಮಾಡ್ತಿದೀನಿ!"

"ಅಂಗಾದ್ರೆ ಆ ಕಬ್ಬಿಣಾನ ಯಾಕೆ ಎದೆ ಮ್ಯಾಲೆ ಮಡಿಕ್ಕಂಡಿದ್ದೀರಾ?"

ಮಾನ ಮುಖ್ಯವೋ ಪ್ರಾಣ ಮುಖ್ಯವೋ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ "ಎತ್ತಪ್ಪಾ!" ಎಂದೆ. ಮುನಿಯಪ್ಪನೂ ಕಮಲಳೂ ಸೇರಿ ನನ್ನನ್ನು ಹೊರಗೆಳೆದರು. ಶನಿವಾರ ಬೆಳಿಗ್ಗೆ ಎದೆಗೆ ಬಿಸಿ ಉಪ್ಪಿನ ಶಾಖ ಕೊಡಿಸಿಕೊಂಡು ಮತ್ತೆ ಕೂತೆ.

ಹೊಸ ಪ್ಲೇಟು ಕೈಗೆತ್ತಿಕೊಂಡಿದ್ದೇನೆ, ಶ್ರೀಪತಿಯ ಕಾರು ಬಂದು ನಿಂತಿತು. ಇಸ್ತ್ರಿ ಮಾಡಿದ ಬಿಳೀ ಪ್ಯಾಂಟು! ನನ್ನ ಪಂಚೆಯ ಬಣ್ಣ ಆಗ ನನಗೇ ಗುರುತಿರಲಿಲ್ಲ.

"ನಾನೂ ಕೈ ಹಾಕ್ಲಾ ಭಾವ?"

"ಬೇಡ."

"ಹಾಗಾದ್ರೆ ಒಂದೇ ಮಾತು. ಆ ಪ್ಲೇಟಿಗೆ ಎಣ್ಣೆ, ಜಿಡ್ಡು ಏನೂ ತಾಗಿಸ್ಬೇಡಿ. ತಾಗಿದ್ರೆ ಕೆಲಸ ಕೆಡುತ್ತೆ."

ಅವನು ಹೋದ ಮೇಲೆ ಕೂತು ವಿಚಾರ ಮಾಡಿದೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬೇಕು. ಸೈಕಲ್ಲಿಗೆ ಬೇಕು. ಬಾವಿಯ ರಾಟೆಗೂ ಬೇಕು. ನನ್ನ ಕ್ಲಚ್ಚಿಗೆ ಮಾತ್ರ ಬೇಡವಂತೆ! ಓಹೋ, ಇದಾ ಸಮಾಚಾರ! ನನ್ನ ಕೆಲಸ ಹಾಳಾಗಲಿ, ಅತ್ತೆ ಮಾವನ ಮುಂದೆ ನಾನು ತಲೆ ತಗ್ಗಿಸಲಿ ಎಂದು ಇಷ್ಟು ದೂರ ಬಂದು ಸುಳ್ಳು ಹೇಳಿ ಹೋಗಿದ್ದಾನೆ. ಹೊಟ್ಟೆಕಿಚ್ಚಿನ ಮನುಷ್ಯ!

"ಕಮಲಾ, ಹರಳೆಣ್ಣೆ ತಾರೇ!"

"ಯಾಕ್ರೀ, ಹೊಟ್ಟೆ ಸರಿ ಇಲ್ವಾ?"

ಪ್ಲೇಟಿನ ಎರಡೂ ಕಡೆಗೆ ದೀಪಾವಳಿಯ ಎಣ್ಣೆಸ್ನಾನಕ್ಕೆ ಹಚ್ಚುವಂತೆ ತಿಕ್ಕಿ ತಿಕ್ಕಿ ಹಚ್ಚಿದೆ. ಒಂದು ಅಂಚನ್ನೂ ಬಿಡಲಿಲ್ಲ. ಮುನಿಯಪ್ಪನನ್ನು ಕರೆದು ಗೇರ್ ಬಾಕ್ಸ್ ಎತ್ತಿಸಿ ಬಿಗಿದೆ. ಎರಡು ಬೋಲ್ಟು ಮಿಕ್ಕವು. ಕಾರ್ಖಾನೆಯವರು ಧಾರಾಳಿಗಳು ಎಂದುಕೊಂಡು ಅವನ್ನು ಜೇಬಿಗೆ ಹಾಕಿಕೊಂಡೆ.

ಸಂಜೆ ನಮ್ಮ ಬೀದಿಯಲ್ಲೇ ಓಡಿಸಿ ನೋಡಿದೆ. ಆಹಾ, ಬೆಣ್ಣೆ! ಒಂದು ಜರ್ಕ್ ಇಲ್ಲ, ಒಂದು ಸದ್ದಿಲ್ಲ. ಕಮಲ ಮಾತ್ರ ಮೂಗು ಮುಚ್ಚಿಕೊಂಡು, "ಏನೋ ಸೀದಂಗಿದೆ ಕಣ್ರೀ" ಎಂದಳು. ತಂಗಿಯ ಗಂಡನ ಪಕ್ಷ ಎಂದುಕೊಂಡೆ.

ಭಾನುವಾರ ಬೆಳಿಗ್ಗೆಯೇ ಅವಳನ್ನು ಬಸ್ಸಿನಲ್ಲಿ ಹೆಬ್ಬಾಳಕ್ಕೆ ಕಳಿಸಿ ನಾನು ಸ್ಟೇಷನ್ನಿಗೆ ಹೋದೆ. ಇಳಿದವರು ಹುಡುಗ, ಅವನ ತಂದೆ, ತಾಯಿ. ತಂದೆ ತಾಯಿ ಇಬ್ಬರೂ ಭರ್ಜರಿ ಆಳುಗಳು. ಇಬ್ಬರೂ ಹಿಂದೆ ಕೂತಾಗ ಕಾರಿನ ಮೂತಿ ಮೇಲೆದ್ದಿತು.

"ಕ್ಲಚ್ ಹೊಸದು" ಎಂದೆ ಹುಡುಗನಿಗೆ, ಯಾರೂ ಕೇಳದಿದ್ದರೂ.

ಮತ್ತಿಕೆರೆ ದಾಟುವಷ್ಟರಲ್ಲಿ ಹಿಂದಿನಿಂದ ಆ ತಾಯಿ, "ಈ ಕಡೆ ಎಲ್ಲಾದ್ರೂ ಎಣ್ಣೆ ಗಾಣ ಇದೆಯಾ?" ಎಂದು ಕೇಳಿದರು. "ಇರಬಹುದು" ಎಂದೆ.

ಹೆಬ್ಬಾಳದ ಕೆರೆ ಏರಿ ಹತ್ತುವ ಕಡೆ ರಸ್ತೆ ಸ್ವಲ್ಪ ಮೇಲಕ್ಕೇಳುತ್ತದೆ. ಎಂಜಿನ್ ಸಿಂಹದಂತೆ ಗರ್ಜಿಸಿತು. ಕಾರು ನಿಂತಲ್ಲೇ ನಿಂತಿತು. ಇನ್ನಷ್ಟು ಒತ್ತಿದೆ. ಇನ್ನಷ್ಟು ಗರ್ಜನೆ. ಆಮೇಲೆ ಕಾರು ನಿಧಾನವಾಗಿ, ಗಂಭೀರವಾಗಿ, ಹಿಂದಕ್ಕೆ ಹೊರಟಿತು!

"ಅಯ್ಯಯ್ಯೋ, ಕೆರೆಗೆ ಹಾಕ್ತಾರೆ ಕಣ್ರೀ ಇವ್ರು!" ಎಂದು ತಾಯಿ ಚೀರಿದರು.

ಹುಡುಗ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಆಮೇಲೆ ಹೆಣ್ಣು ನೋಡಲು ಹೊಲಿಸಿದ ಹೊಸ ಷರಟಿನ ತೋಳು ಮಡಚಿ ತಳ್ಳತೊಡಗಿದ. ತಂದೆಯೂ ಕೈಜೋಡಿಸಿದರು. ತಾಯಿ ಹೂವು ಹಣ್ಣಿನ ತಟ್ಟೆ ಹಿಡಿದು ಪಕ್ಕದಲ್ಲಿ ನಡೆದರು. ಸ್ಟೀರಿಂಗ್ ಹಿಡಿದು ಒಳಗೆ ಕೂತವನು ನಾನೊಬ್ಬನೇ. ಏರಿಯ ಮೇಲೆ ಬಂದರೆ ಎದುರಿಗೇ ಮಾವನ ಮನೆಯ ಜಗಲಿ. ಅಲ್ಲಿ ಎಲ್ಲರೂ ಸಾಲಾಗಿ ನಿಂತು ನೋಡುತ್ತಿದ್ದರು!

ಶ್ರೀಪತಿ ಓಡಿ ಬಂದು ತಳ್ಳಲು ಸೇರಿಕೊಂಡ. ನಗಲಿಲ್ಲ. ನಕ್ಕಿದ್ದರೆ ಕ್ಷಮಿಸಿಬಿಡುತ್ತಿದ್ದೆ.

ಅಂಗಳಕ್ಕೆ ಬಂದ ಕೂಡಲೇ ಮಾವ ಕೆಂಪಗಾದ ಮುಖದಲ್ಲಿ ಕೇಳಿದರು: "ಏನಾಯ್ತು ಅಳಿಯಂದ್ರೇ? ನೀವೇ ಹಾಕಿದ್ರಲ್ಲ ಕ್ಲಚ್ಚು?"

ಶ್ರೀಪತಿ ಕಾರಿನ ಕೆಳಗೆ ಬಗ್ಗಿ ಒಮ್ಮೆ ಮೂಸಿದ. ಎದ್ದು ನನ್ನ ಮುಖ ನೋಡಿದ. ಅವನಿಗೆ ಎಲ್ಲವೂ ತಿಳಿದುಹೋಯಿತು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

"ಭಾವನ ಕೆಲಸ ಚೆನ್ನಾಗೇ ಇದೆ ಮಾವ" ಎಂದ. "ಪ್ಲೇಟೇ ಕಳಪೆ ಮಾಲು. ಯಾರು ಹಾಕಿದ್ರೂ ಹಿಂಗೇ ಆಗ್ತಿತ್ತು."

ಮಾವ ತಣ್ಣಗಾದರು. ಗಂಡಿನ ತಂದೆಯೂ "ಅಂಗಡಿಯವರು ಬಲೇ ಮೋಸ" ಎಂದು ನನ್ನ ಬೆನ್ನು ತಟ್ಟಿದರು. ಸರೋಜಳಿಗೆ ಹುಡುಗ ಒಪ್ಪಿಗೆಯಾದ. ಕೂತು ಉಪ್ಪಿಟ್ಟು ತಿಂದು ಹೋಗುವ ಗಂಡುಗಳೇ ಹೆಚ್ಚು, ಹೀಗೆ ಬೆವರು ಸುರಿಸಿದವನು ಇವನೇ ಮೊದಲು ಎಂದಳಂತೆ.

ಸಂಜೆ ನಮ್ಮನ್ನು ಮನೆಗೆ ಬಿಟ್ಟವನೂ ಶ್ರೀಪತಿಯೇ. ನಾನು ಹಿಂದಿನ ಸೀಟಿನಲ್ಲಿ ಮುದುರಿ ಕೂತಿದ್ದೆ.

"ನಿಮ್ಮ ಮಾನ ಉಳಿಸಿದ್ನಲ್ರೀ, ಆದ್ರೂ ಯಾಕೆ ಮುಖ ಊದಿಸ್ಕೊಂಡಿದೀರಾ?" ಎಂದು ಕಮಲ ಕಿವಿಯಲ್ಲಿ ಕೇಳಿದಳು.

"ಅದಕ್ಕೇ ಕಣೇ! ಇಷ್ಟು ದಿನ ಕೆಲಸದಲ್ಲಿ ಮಾತ್ರ ನನಗಿಂತ ಮೇಲು ಅಂದ್ಕೊಂಡಿದ್ದೆ. ಒಳ್ಳೆತನದಲ್ಲೂ ಮೇಲಂತೆ!"

ಅವನ ಗೇರು ಬದಲಾವಣೆಯಲ್ಲಿ ಒಂದಾದರೂ ತಪ್ಪು ಹಿಡಿಯೋಣವೆಂದು ಯಶವಂತಪುರದವರೆಗೂ ಕಿವಿಗೊಟ್ಟು ಕೂತಿದ್ದೆ. ಪಾಪಿ, ಒಂದನ್ನೂ ಮಾಡಲಿಲ್ಲ.