ನಡುಮನೆಯ ಎಮ್ಮೆ

ಪೇಪರಿನ ಮೂಲೆಯಲ್ಲೊಂದು ಸುದ್ದಿ ಬಂತು: ಮನೆ ಕಂದಾಯ ಸುಧಾರಣೆಗೆ ಪ್ರಸ್ತಾವ, ಇನ್ನು ಮುಂದೆ ಮನೆಯ ಬೆಲೆ ನೋಡಿ ಕಂದಾಯ. ಸರ್ಕಾರ ಸುಧಾರಿಸುತ್ತೇನೆ ಅಂದರೆ ಜನ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಶಿಕಾರಿಪುರದ ಗಂಗಾಧರಪ್ಪನೂ ಮುಟ್ಟಿಕೊಂಡ. ಹೋದ ವರ್ಷವಷ್ಟೇ ನೆಲಕ್ಕೆ ಗ್ರಾನೈಟ್ ಹಾಕಿಸಿದ್ದ.

ಹೆಂಡತಿ ನೀಲಾಂಬಿಕಳಿಗೆ ಮಹಡಿ ಕಟ್ಟಿಸಿ ಹೊಲಿಗೆ ಅಂಗಡಿ ಇಡುವ ಆಸೆ. ಮನೆ ಅಡವಿಟ್ಟು ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕಿಸಿದ್ದಳು. ಅದು ಮಂಜೂರಾಗಲೆಂದು ಅವತ್ತು ಬೆಳಿಗ್ಗೆಯೇ ತೊಗರ್ಸಿ ದೇವಸ್ಥಾನಕ್ಕೆ ಹಣ್ಣುಕಾಯಿ ಮಾಡಿಸಲು ಹೋಗಿದ್ದಳು. ಆಕೆ ಮನೆಯಲ್ಲಿದ್ದಿದ್ದರೆ ಈ ಕತೆಯೇ ನಡೆಯುತ್ತಿರಲಿಲ್ಲ.

ಎದುರುಮನೆಯ ಮಹೇಶ್ವರಪ್ಪ, ರಿಟೈರಾದ ಮೇಲೆ ಬೀದಿಗೆಲ್ಲ ಬಿಟ್ಟಿ ಸಲಹೆ ಹಂಚುವ ಮಹಾಶಯ, ಪೇಪರ್ ಹಿಡಿದೇ ಬಂದ.

“ಮನಿ ಬೆಲೆ ಬಾಳೋ ಹಂಗೆ ಕಾಣಬಾರದು ಕಣ್ರೀ. ಸೊರಬದಾಗೆ ನನ್ನ ಷಡ್ಡಕ ನಡುಮನೇಲೇ ಎಮ್ಮೆ ಕಟ್ಯಾನೆ. ಕೊಟ್ಟಿಗೆಗೆ ಯಾವನ್ರೀ ಕಂದಾಯ ಹಾಕ್ತಾನೆ?”

ಬುದ್ಧಿ ಇರುವವನು ನಕ್ಕು ಸುಮ್ಮನಾಗುತ್ತಿದ್ದ. ಗಂಗಾಧರಪ್ಪ ಹಿಂದಿನ ಮನೆಯ ವೀರಮ್ಮನ ಎಮ್ಮೆ ಹೊಡೆದುಕೊಂಡು ಬಂದ. ಅದು ಗ್ರಾನೈಟಿನ ಮೇಲೆ ಜಾರಿ, ಟೀವಿ ಸ್ಟ್ಯಾಂಡಿಗೆ ಒರಗಿ, ಸೋಫಾದ ಪಕ್ಕ ಧಾರಾಳವಾಗಿ ಸಗಣಿ ಹಾಕಿತು.

ಅಷ್ಟರಲ್ಲಿ ಅಳತೆಯ ಟೇಪು ಹಿಡಿದ ಒಬ್ಬಾತ ಬಾಗಿಲಿಗೆ ಬಂದ. “ಮನೆಗೆ ಬೆಲೆ ಕಟ್ಟೋಕೆ ಬಂದಿದೀನ್ರೀ.”

“ಎಲ್ಲಿ ಮನಿ ಸಾರ್? ಇದು ಕೊಟ್ಟಿಗೆ,” ಅಂದ ಗಂಗಾಧರಪ್ಪ. “ಗೋಡೆ ಎಲ್ಲಾ ಪೊಳ್ಳು. ಮಳಿ ಬಂದ್ರೆ ಒಳಗೇ ಕೆರೆ.”

“ಅಡಿಪಾಯನೇ ಇಲ್ರೀ,” ಮಹೇಶ್ವರಪ್ಪ ಸೇರಿಸಿದ. “ಇವತ್ತೋ ನಾಳೆನೋ ಬೀಳತ್ತೆ!”

ಆತ ಒಮ್ಮೆ ಎಮ್ಮೆಯನ್ನೂ ಒಮ್ಮೆ ಗಂಗಾಧರಪ್ಪನನ್ನೂ ನೋಡಿ, ಟೇಪು ಬಿಚ್ಚದೆಯೇ ಹೊರಟುಹೋದ. ಈ ಇಬ್ಬರು ಜಾಣರು ಕೈಗೆ ಕೈ ತಟ್ಟಿ ನಕ್ಕರು.

ಮಧ್ಯಾಹ್ನ ಪ್ರಸಾದ ಹಿಡಿದು ಬಂದ ನೀಲಾಂಬಿಕ ಹೊಸ್ತಿಲಲ್ಲೇ ನಿಂತಳು.

“ಅಯ್ಯೋ ಶಿವನೇ, ಏನ್ರೀ ಇದು! ಬ್ಯಾಂಕಿನೋರು ಈಗ ಫೋನ್ ಮಾಡಿದ್ರು. ಬೆಲೆ ಕಟ್ಟೋಕೆ ಕಳಿಸಿದ್ರೆ ಮನೆ ಯಜಮಾನ್ರೇ ಇದು ಕೊಟ್ಟಿಗೆ ಅಂದ್ರಂತೆ. ಸಾಲ ಕೊಡಲ್ವಂತೆ!”

ಆಕೆಗೆ ಅಳುವೇ ಬಂತು. ಮಹೇಶ್ವರಪ್ಪನಿಗೆ ಮನೆಯಲ್ಲಿ ಏನೋ ತುರ್ತು ಕೆಲಸ ನೆನಪಾಯಿತು.

“ಹೋಗ್ಲಿ ಬಿಡೇ, ಕಂದಾಯನಾದ್ರೂ ಉಳೀತು,” ಎಂದು ಗಂಗಾಧರಪ್ಪ ಗೊಣಗುತ್ತಿದ್ದಂತೆ ಕಂದಾಯ ವಸೂಲಿಯವನೇ ಬಂದ. ಗಂಗಾಧರಪ್ಪ ಪೇಪರಿನ ಸುದ್ದಿ ಎತ್ತಿದ.

“ಹೊಸ ಪದ್ಧತಿನಾ? ಅದಿನ್ನೂ ಬರೀ ಪ್ರಸ್ತಾವ ಕಣ್ರೀ. ಅದು ಬರೋ ಹೊತ್ತಿಗೆ ನಾನೇ ರಿಟೈರಾಗಿರ್ತೀನಿ.” ಒಳಗೆ ಇಣುಕಿದವನು ಹುಬ್ಬೇರಿಸಿದ. “ಓಹೋ, ಎಮ್ಮೆ ಕಟ್ಟೀರಿ! ಹಾಲಿನ ವ್ಯಾಪಾರ ಅಂದ್ಮೇಲೆ ಮನೆ ದರ ಆಗಲ್ಲ. ಅಂಗಡಿ ದರ ಹಾಕಬೇಕಾಗತ್ತೆ.”

“ಅಯ್ಯೋ ಸಾರ್, ಇದು ಮನಿ! ಗ್ರಾನೈಟ್ ನೋಡ್ರೀ!”

ನೀಲಾಂಬಿಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮುಂದೆ ಬಂದಳು.

“ಅಂಗಡಿ ಅಂತಲೇ ಬರಕೊಳ್ರೀ. ಅಂತೂ ನಮ್ಮನೇಲೂ ಒಂದು ಅಂಗಡಿ ಆತು.”